ಗುಲ್ಷನ್‌ಬೀಯ ಜಹಾಜಿಗೆ ತುಕ್ಕು ಹಿಡಿಸಿದ್ದು

ಕರಕರ, ಕರಕರ.

ಬಡಿಗೇರ ಗಾಳೆಪ್ಪನಿಗೆ ತನ್ನ ಬೆನ್ನಿನ ಮೇಲೇ ಯಾರೋ ಗೀರಿದಂತಾಯಿತು. ಕಟ್ಟಿಗೆಯ ದನಿಗಳೆಲ್ಲ ಅವನಿಗೆ ಪರಿಚಿತ. ರಂದ ಹೊಡೆದರೆ ಅದು ನಿಟ್ಟುಸಿರು ಬಿಡುತ್ತದೆ, ಉಳಿ ಕೂತರೆ ಗಂಟಲು ಸರಿಮಾಡಿಕೊಳ್ಳುತ್ತದೆ, ಗರಗಸ ಹಾಯುವಾಗ ಮಾತ್ರ ಒಂದಿಷ್ಟು ಗೊಣಗುತ್ತದೆ. ಇದು ಆ ಯಾವ ದನಿಯೂ ಅಲ್ಲ. ತಿರುಗಿ ನೋಡಿದ. ಮೂರು ಸುತ್ತು ಅರಗು ಕೊಟ್ಟು, ಎಣ್ಣೆಬಟ್ಟೆಯಿಂದ ತಿಕ್ಕಿ, ಮುಖ ಕಾಣುವಂತೆ ಹೊಳಪು ಮಾಡಿ ನಿನ್ನೆ ಸಂಜೆ ಕೊಟ್ಟು ಕಳಿಸಿದ್ದ ಹಡಗು ಬೆಳಗಾಗುವಷ್ಟರಲ್ಲಿ ಅಂಗಡಿಗೆ ತಿರುಗಿ ಬಂದಿತ್ತು. ಗುಲ್ಷನ್‌ಬೀ ನೋಯುವ ಎಡಗಾಲನ್ನು ನೀಡಿಕೊಂಡು ಕೂತು, ಹಡಗನ್ನು ತೊಡೆಯ ಮೇಲಿಟ್ಟುಕೊಂಡು, ಸೊಂಟದ ಬೀಗದಕೈಯಿಂದ ಅದರ ಮೈ ಕೆರೆಯುತ್ತಿದ್ದಳು.

ಗಾಳೆಪ್ಪ: ಯಕ್ಕಾ, ಕೈ ತೆಗಿ. ಅದೇನು ತಳ ಹೊತ್ತಿದ ಗಡಿಗಿ ಏನು, ಕೆರಿಯಾಕ.

ಗುಲ್ಷನ್‌ಬೀ: ಎಷ್ಟು ಕೆರದ್ರೂ ಬಿಡವಲ್ದಲ್ಲೋ ತಮ್ಮಾ ಇದು.

ಗಾಳೆಪ್ಪ: ಬಿಡಬಾರ್ದಂತನ ಮೂರು ಸಲ ಹಚ್ಚೀನಿ.

ಗುಲ್ಷನ್‌ಬೀ: ನನಗ ಬಿಡೋದು ಬೇಕು.

ಗಾಳೆಪ್ಪ: ನೀ ಹೇಳಿದ್ದು ಜಹಾಜ ಮಾಡಂತ. ಮಾಡೀನಿ. ಹಾಳು ಮಾಡಂತ ಹೇಳಿರ್ಲಿಲ್ಲ.

ಮಸ್ಕಿಯ ಜನ ನೋಡಿದ್ದ ದೊಡ್ಡ ನೀರೆಂದರೆ ಮಳೆಗಾಲದ ಹಳ್ಳ. ಅದೂ ಎರಡು ದಿನ ಅಬ್ಬರಿಸಿ, ಮೂರನೆಯ ದಿನ ಉಸುಕನ್ನಷ್ಟೇ ಉಳಿಸಿ ಹೋಗುವಂಥದು. ಅಂಥ ಊರಿನಿಂದ ಏಳು ವರ್ಷದ ಹಿಂದೆ ಪಿಂಜಾರ ಬುಡ್ಡೇಸಾಬ ತನ್ನ ಹೆಂಡತಿ ಗುಲ್ಷನ್‌ಬೀಯನ್ನು ಕರೆದುಕೊಂಡು ಬೊಂಬಾಯಿಗೆ ಹೋಗಿ, ಹಡಗು ಹತ್ತಿ, ಹಜ್ ಮಾಡಿ ಬಂದಿದ್ದ. ಹೋಗುವಾಗ ಹಡಗಿನ ಮೇಲಿದ್ದ ಹದಿಮೂರು ದಿನವೂ ಸಂಜೆ ಈ ತುದಿಯಿಂದ ಆ ತುದಿಗೆ ನಡೆದು ಎಣಿಸಿದ್ದ: ನೂರೈವತ್ತು ಹೆಜ್ಜೆ. ಅದು ಗುಲ್ಷನ್‌ಬೀಗೂ ಬಾಯಿಪಾಠವಾಗಿತ್ತು. ಐದು ಹೆಜ್ಜೆಗೆ ಒಂದು ಬೆರಳು ಎಂದು ಹಡಗಿನ ಅಳತೆ ಕಟ್ಟಿಕೊಟ್ಟವಳೂ ಅವಳೇ. ಗಾಳೆಪ್ಪ ಆ ಅಳತೆಯನ್ನು ಬಿಗಿಯಾಗಿ ಹಿಡಿದು ಸಾಗವಾನಿಯಲ್ಲಿ ಮೂವತ್ತು ಬೆರಳಿನ ಹಡಗು ಕೆತ್ತಿದ್ದ. ಹೊಗೆಯ ಕೊಳವೆ ಎರಡು ಬೆರಳು. ಪಕ್ಕಕ್ಕೆ ತೂಗುಬಿಟ್ಟ ದೋಣಿಗಳು ಒಂದೊಂದು ಬೆರಳು. ಏಣಿಯ ಮೆಟ್ಟಿಲುಗಳು ಜೀರಿಗೆಯ ಕಾಳಿನಷ್ಟು. ನೋಡಿ ಮಾಡಲು ಅವನಿಗಿದ್ದದ್ದು ಬೊಂಬಾಯಿಯಲ್ಲಿ ಕೊಟ್ಟ ಹಡಗಿನ ಟಿಕೀಟಿನ ಮೂಲೆಯಲ್ಲಿ ಅಚ್ಚಾಗಿದ್ದ ಹೆಬ್ಬೆರಳಿನಷ್ಟು ಚಿತ್ರ ಒಂದೇ.

ಆಕಾರದಲ್ಲಿ ತಕರಾರು ಇರಲಿಲ್ಲ. ಬಣ್ಣದ ಹೊತ್ತಿಗೆ ಮಾತ್ರ ಗಾಳೆಪ್ಪ ಯಾರನ್ನೂ ಕೇಳಲಿಲ್ಲ. ಸಿಂಧನೂರಿನಿಂದ ಗುರುಗುಂಟಾದವರೆಗೆ ಅವನ ತೊಟ್ಟಿಲುಗಳಿಗೆ ಹೆಸರಿತ್ತು. ತೂಗಾಡುವುದು ಯಾವುದಾದರೇನು, ಅದೂ ಒಂದು ತೊಟ್ಟಿಲೇ ಎಂದುಕೊಂಡು ಹಡಗಿಗೂ ಕೆಂಪು, ಹಸಿರು, ಹಳದಿ ಪಟ್ಟೆ ಹೊಡೆದ. ಮೂತಿಯ ಎರಡೂ ಕಡೆ ಒಂದೊಂದು ಗಿಳಿ ಕೂಡಿಸಿದ. ಕೊಳವೆಗೆ ಕಮಲದ ಎಸಳು ಬಿಡಿಸಿದ. ಗಿಳಿಗಳ ನಡುವೆ, ಲಿಂಗಸೂಗೂರಿನ ತಹಶೀಲ್ದಾರರ ಕುರ್ಚಿಗೆ ಹಾಕಿದ್ದ ಹಾಗೆಯೇ, ಮುದ್ದಾಗಿ ಕೆತ್ತಿದ: ಮಸ್ಕಿ ಗಾಳೆಪ್ಪ.

ಗುಲ್ಷನ್‌ಬೀ: ಜಹಾಜಿನ ಹೆಸರು ಇರೋ ಜಾಗದಾಗ ನಿನ್ನ ಹೆಸರು ಬರದೀಯಲ್ಲೋ. ಅಷ್ಟು ಮಂದಿ ಗಾಳೆಪ್ಪನ ಮ್ಯಾಲೆ ಕುಂತು ಮಕ್ಕಾಕ್ಕ ಹೋಗಿದ್ವೇನು ನಾವು?

ಒಳಬಾಗಿಲಲ್ಲಿ ಮೊರದ ಮುಂದೆ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದ ಗಾಳೆಪ್ಪನ ಹೆಂಡತಿ ಅಯ್ಯಮ್ಮ ತಲೆಯೆತ್ತಲಿಲ್ಲ. ಮಾತು ಮಾತ್ರ ಎತ್ತಿದಳು.

ಅಯ್ಯಮ್ಮ: ಒಂದು ಕೊಡ ನೀರು ತಾ ಅಂದ್ರ ಬೆನ್ನು ಹಿಡದೈತಿ ಅಂತಾನ ಯಕ್ಕಾ. ಅಷ್ಟು ಮಂದೀನ ಹೆಂಗ ಹೊತ್ತನೋ.

ಗಾಳೆಪ್ಪ: ನೀ ಮೆಣಸಿನಕಾಯಿ ನೋಡಬೇ.

ಗುಲ್ಷನ್‌ಬೀ: ಮತ್ತ ಈ ಗಿಣಿ? ನಡು ಸಮುದ್ರದಾಗ ಗಿಣಿ ಎಲ್ಲಿಂದ ಬರ್ತಾವ? ನಮ್ಮ ಜಹಾಜ ಕರ್ರಗಿತ್ತೋ. ಚಿತ್ರ ತೋರ್ಸಿದ್ದೆ ಹೌದಿಲ್ಲ?

ಗಾಳೆಪ್ಪ: ಅಚ್ಚು ಹೊಡದ ಚಿತ್ರ ಎಲ್ಲಾ ಕರ್ರಗ ಇರ್ತಾವ. ತಹಶೀಲ್ದಾರ ಸಾಹೇಬ್ರ ಫೋಟೋದಾಗ ಅವ್ರ ಕೆಂಪು ಟೋಪಿನೂ ಕರ್ರಗೈತಿ. ಹಂಗಂತ ಅವ್ರಿಗೆ ಕರೇ ಟೋಪಿ ಸಾಹೇಬ್ರು ಅನ್ಲೇನು?

ಗುಲ್ಷನ್‌ಬೀ ಬೀಗದಕೈಯನ್ನು ಸೊಂಟಕ್ಕೆ ಸಿಗಿಸಿ, ತಾಳ್ಮೆಯಿಂದ ಮೊದಲಿನಿಂದ ಹೇಳತೊಡಗಿದಳು. ಹಡಗಿನ ಕೆಳಗಿನ ಮೈ ಕಪ್ಪು. ಮೇಲಿನ ಕೋಣೆಗಳು ಬಿಳಿ. ಬಿಳಿ ಅಂದರೆ ಯಾವುದೋ ಕಾಲಕ್ಕೆ ಬಿಳಿ. ಲಂಗರು ಇಳಿಬಿಡುವ ತೂತಿನ ಕೆಳಗೆ, ಎಲೆ ಅಡಿಕೆ ಹಾಕಿದ ಮುದುಕಿಯ ಬಾಯಿಂದ ರಸ ಇಳಿದ ಹಾಗೆ, ಉದ್ದಕ್ಕೆ ತುಕ್ಕು ಇಳಿದಿತ್ತು. ಕೊಳವೆಯ ಸುತ್ತ ಮಸಿ. ನೀರು ತಾಗುವಲ್ಲಿ ಉಪ್ಪಿನ ಬಿಳಿ ಗೆರೆ. ಇವೆಲ್ಲ ಬೇಕು.

ಗಾಳೆಪ್ಪನಿಗೆ ಉಪ್ಪಿನ ವಿಷಯ ಅರ್ಥವಾಗಲಿಲ್ಲ. ಅಷ್ಟು ನೀರಿಗೆ ಉಪ್ಪು ಹಾಕುವವರು ಯಾರು ಎಂದು ಕೇಳಿದ. ಯಾರೂ ಹಾಕುವುದಿಲ್ಲ, ಅದು ಇರುವುದೇ ಹಾಗೆ ಎಂದಳು ಗುಲ್ಷನ್‌ಬೀ. ಹಾಗಿದ್ದರೆ ಅಲ್ಲಿಯ ಹೆಂಗಸರು ಪುಣ್ಯವಂತರು, ಸಾರಿಗೆ ಉಪ್ಪು ಸಾಲದು ಎಂದು ಹೇಳುವ ಗಂಡಂದಿರು ಅಲ್ಲಿ ಇರಲಾರರು ಎಂದಳು ಅಯ್ಯಮ್ಮ.

ಗಾಳೆಪ್ಪ: ಯಕ್ಕಾ, ಕರೇ ಬಣ್ಣ ಅಂದ್ಯಲ್ಲ, ಆತು, ಹೊಡೀತೀನಿ. ಗಿಣಿ ತೆಗಿ ಅಂದಿ, ತೆಗೀತೀನಿ. ತುಕ್ಕು, ಮಸಿ, ಉಪ್ಪು ಇವು ಬಡಿಗೇರ ಕೆಲಸಲ್ಲ. ನನ್ನ ಅಂಗಡಿಯಿಂದ ತೊಟ್ಲ ಒಯ್ಯೋರು ಮೊದಲು ಏನು ಮಾಡ್ತಾರ ಗೊತ್ತೈತಿಲ್ಲ? ಹಸೀ ಬಿಳೇ ಅರಿವಿ ತಂದು ತಿಕ್ಕತಾರ. ಅರಿವಿಗೆ ಚೂರು ಬಣ್ಣ ಹತ್ತಿತಂದ್ರ ತೊಟ್ಲ ತಿರುಗಿ ಬರ್ತೈತಿ, ಕೂಸು ನೆಕ್ಕತೈತಂತ. ಹದಿನೆಂಟು ವರ್ಷ ಆತು, ಒಂದು ತೊಟ್ಲ ತಿರುಗಿ ಬಂದಿಲ್ಲ. ಇವತ್ತ ಮೊದಲನೇ ಸಲ ನನ್ನ ಸಾಮಾನು ತಿರುಗಿ ಬಂದೈತಿ. ನೀ ಬರೂದನ್ನ ಹಾದಿಗುಂಟ ಎಷ್ಟು ಮಂದಿ ನೋಡ್ಯಾರೋ.

ಗುಲ್ಷನ್‌ಬೀ: ಎಲ್ಲಾರೂ ನೋಡ್ಯಾರ. ಚಂದೈತಿ ಅಂದ್ರು.

ಗಾಳೆಪ್ಪ: ಅಂದ್ರಲ್ಲ? ಮತ್ತ ಯಾಕ ತಂದಿ?

ಗುಲ್ಷನ್‌ಬೀ ಹಡಗಿನತ್ತ ಬಗ್ಗಿದಳು. ಹೊಳೆಯುವ ಹಡಗಿನ ಮೈಯಲ್ಲಿ ಅವಳ ಮುಖ ಉದ್ದವಾಗಿ ಕಾಣುತ್ತಿತ್ತು. ಅದನ್ನು ಸೆರಗಿನಿಂದ ಒರೆಸಿದಳು, ಅದು ಹೋಗಲಿಲ್ಲ.

ಗುಲ್ಷನ್‌ಬೀ: ರಾತ್ರಿ ಇದನ್ನ ಗಂಡನ ಕೈಯಾಗ ಕೊಟ್ಟೆ. ಸುತ್ತೆಲ್ಲಾ ಸವರಿದ. ಸವರಿ ಸವರಿ, ತೊಟ್ಲ ಚಲೋ ಐತಿ, ಯಾರ ಮನ್ಯಾಗ ಹಡದಾರ, ಹೆಣ್ಣೋ ಗಂಡೋ ಅಂದ.

ಅಯ್ಯಮ್ಮನ ಕೈಯಲ್ಲಿ ಮೆಣಸಿನಕಾಯಿ ಹಾಗೆಯೇ ನಿಂತಿತು. ಬುಡ್ಡೇಸಾಬನ ಕಣ್ಣು ಹೋಗಿ ಎರಡು ವರ್ಷವಾಗಿತ್ತೆಂಬುದು ಊರಿಗೆಲ್ಲ ಗೊತ್ತು. ಹತ್ತಿ ಬಡಿಯುವ ಅವನ ಬಿಲ್ಲಿನ ಠಂಯ್ ಠಂಯ್ ಸದ್ದು ನಿಂತ ಮೇಲೆ ಮಸ್ಕಿಯ ಹಾಸಿಗೆಗಳೆಲ್ಲ ಗಂಟುಗಂಟಾಗಿದ್ದವು. ಗಾಳೆಪ್ಪ ಮತ್ತು ಅಯ್ಯಮ್ಮ ಮಲಗುವ ಗಾದಿಯೂ ಅವನು ಅರಳಿಸಿದ ಹತ್ತಿಯದೇ.

ಗುಲ್ಷನ್‌ಬೀ: ಕಣ್ಣು ಹೋದ ಹೊಸದಾಗ ಎಲ್ಲಾ ಹೇಳತಿದ್ದ, ಸಮುದ್ರ, ಜಹಾಜ, ಮೀನ ಹಾರಿದ್ದು. ಈಗೀಗ ಅಂತಾನ, ಗುಲ್ಷನ್, ಕಾಬಾ ಕಾಣತೈತಿ, ಜಹಾಜ ಕಾಣವಲ್ದು. ನಾವು ಹೆಂಗ ಹೋಗಿದ್ವಿ ಅಂತ ಕೇಳ್ತಾನ. ಹೋಗಿದ್ದು ನೆನಪೈತಿ, ಹೋದ ಹಾದಿ ಮರತಾನ.

ಗಾಳೆಪ್ಪ: ಆಕಾರ ಕೈಗೆ ತಿಳೀಲಿಲ್ಲಂತಾ?

ಗುಲ್ಷನ್‌ಬೀ: ತೊಟ್ಲ ಅಂತ ತಿಳೀತು. ನೋಡು ತಮ್ಮಾ, ಬೊಂಬಾಯಾಗ ಜಹಾಜ ಹತ್ತೋಮುಂದ ಅವ ಮೊದಲು ಅದರ ಮೈಮ್ಯಾಲೆ ಕೈ ಇಟ್ಟ. ಎತ್ತು ಕೊಳ್ಳೋರು ಮೈ ಮುಟ್ಟಿ ನೋಡ್ತಾರಲ್ಲ, ಹಂಗ. ಅಂಗೈ ತುಂಬ ತುಕ್ಕು ಹತ್ತಿತು. ನೋಡಬೇ, ಜಹಾಜ ನನಗ ಮೆಹಂದಿ ಹಚ್ಚೈತಿ ಅಂದ. ನಮಾಜಿಗೆ ಕೈ ತೊಳಕೊಳ್ಳೋ ತನಕ ಮೂಸಿ ಮೂಸಿ ನಗತಿದ್ದ. ನನಗ ಆ ತುಕ್ಕು ಬೇಕು. ಕೈ ಇಟ್ರ ಕೈಗೆ ಹತ್ತಬೇಕು, ಮೂಸಿದ್ರ ಕಬ್ಬಿಣ ನಾರಬೇಕು.

ಗಾಳೆಪ್ಪ ಹಡಗಿನ ಮೈಗೆ ತನ್ನ ಅಂಗೈ ಒತ್ತಿ ನೋಡಿಕೊಂಡ, ಏನೂ ಹತ್ತಿರಲಿಲ್ಲ. ಆದರೆ ಹದಿನೆಂಟು ವರ್ಷದ ಹೆಸರು ಅಷ್ಟು ಸುಲಭವಾಗಿ ಬಾಗುವಂಥದಲ್ಲ. ನಾಳೆ ಯಾರಾದರೂ ಬುಡ್ಡೇಸಾಬನನ್ನು ಮಾತಾಡಿಸಲು ಹೋಗುತ್ತಾರೆ, ಹಡಗು ಮುಟ್ಟುತ್ತಾರೆ, ಬಣ್ಣ ಹತ್ತಿದ ಕೈ ಹಿಡಿದುಕೊಂಡು ಊರೆಲ್ಲ ತಿರುಗುತ್ತಾರೆ. ಆಮೇಲೆ ತೊಟ್ಟಿಲು ಯಾರು ಒಯ್ಯುತ್ತಾರೆ?

ಅಯ್ಯಮ್ಮ: ಅವ ಅರಳಿಸಿದ ಗಾದಿ ಮ್ಯಾಲೆ ಮಲಗಿ ಗೊರಕಿ ಹೊಡೀತಿ. ಅವಗ ಒಂದು ಹಿಡಿ ತುಕ್ಕು ಕೊಡಾಕ ನಿನಗ ಕೈ ಬರವಲ್ದು.

ಗಾಳೆಪ್ಪ: ಹೊಸಾ ಸಾಮಾನು ಹೊಸದಾಗೇ ಇರಬೇಕು. ಹಳೇದು ಯಾರಿಗೆ ಬೇಕಾಗೈತಿ?

ಗುಲ್ಷನ್‌ಬೀ: ನಮ್ಮ ಗುಡ್ಡದ ಕಲ್ಲಿನ ಮ್ಯಾಲಿನ ಹಳೇ ಅಕ್ಷರ ನೋಡಾಕ ಎಲ್ಲೆಲ್ಲಿಂದ ಸಾಹೇಬ್ರು ಮೋಟಾರ ತಗೊಂಡು ಬರ್ತಾರ. ನಿನ್ನ ಹೊಸಾ ತೊಟ್ಲ ನೋಡಾಕ ಒಬ್ಬರರ ಬಂದಾರೇನು?

ಉತ್ತರ ಸಿಕ್ಕಾಗ ಗಾಳೆಪ್ಪನ ಮುಖ ಅರಗು ಹಚ್ಚಿದಂತೆ ಹೊಳೆಯಿತು.

ಗಾಳೆಪ್ಪ: ಆ ಕಲ್ಲು ಕೆತ್ತಿದಾಂವ ಹೊಸಾ ಅಕ್ಷರನ ಕೆತ್ತಿದ್ದ ಯಕ್ಕಾ. ಅವನ್ನ ಹಳೇವು ಮಾಡಿದ್ದು ಮಳಿ, ಬಿಸಿಲು. ನನ್ನ ಕೆಲಸ ನಾ ಮಾಡೀನಿ. ಮಳಿ ಬಿಸಿಲಿನ ಕೆಲಸ ಅವು ಮಾಡ್ಲಿ. ಮಾಳಗಿ ಮ್ಯಾಲೆ ಇಡು, ತಾನ ಹಳೇದಾಕ್ಕೈತಿ.

ಗುಲ್ಷನ್‌ಬೀ: ಮಳಿ ಬಿಸಿಲಿಗೇನಪಾ, ಬೇಕಾದಷ್ಟು ಪುರುಸೊತ್ತೈತಿ. ನನ್ನ ಗಂಡಗ ಅಷ್ಟಿಲ್ಲ.

ರಸ್ತೆಯಲ್ಲಿ ಲಿಂಗಸೂಗೂರಿನ ಕಡೆಗೆ ಹೋಗುವ ಬಂಡಿಯೊಂದು ಕಿರುಗುಟ್ಟಿಕೊಂಡು ದಾಟಿತು. ಗಾಳೆಪ್ಪ ಹಡಗನ್ನು ಅವಳ ತೊಡೆಯ ಮೇಲಿಂದ ಎತ್ತಿಕೊಂಡ. ಉಳಿ ಹಿಡಿದು ಮೊದಲು ಗಿಳಿಗಳನ್ನು ಹಾರಿಸಿದ. ಆಮೇಲೆ ತುಸು ನಿಂತು, ಉಸಿರು ಬಿಗಿಹಿಡಿದು, 'ಮಸ್ಕಿ ಗಾಳೆಪ್ಪ'ನನ್ನೂ ತೆಳ್ಳಗೆ ಸೀಳಿ ತೆಗೆದ. ಅಕ್ಷರಗಳಿದ್ದ ಚಕ್ಕೆ ಸುರುಳಿಯಾಗಿ ಅವನ ಕಾಲಬುಡಕ್ಕೆ ಬಿತ್ತು.

ಗಾಳೆಪ್ಪ: ಹೆಸರು ತೆಗದೀನಿ. ಯಾರರ ಕೇಳಿದ್ರ ಗಾಳೆಪ್ಪ ಮಾಡಿದ್ದು ಅನ್ನಬ್ಯಾಡ.

ಗುಲ್ಷನ್‌ಬೀ: ಯಾರು ಅನ್ಲಿ?

ಗಾಳೆಪ್ಪ: ಸಿಂಧನೂರಿನವ್ರು ಯಾರೋ ಮಾಡ್ಯಾರ ಅನ್ನು.

ಗುಲ್ಷನ್‌ಬೀ: ಆತಪಾ. ಇನ್ನೊಂದು ಮಾತು. ನೀರಿನ ಪೀಪಾಯಿ ಎಲ್ಲಾ ಒಂದ ಕಡಿಗೆ ಇಟ್ಟಿದ್ರು, ಜಹಾಜ ಯಾವತ್ತೂ ಚೂರು ಎಡಕ್ಕ ವಾಲಿರ್ತಿತ್ತು.

ಗಾಳೆಪ್ಪ: ಅದೊಂದು ಆಗೂದಿಲ್ಲ. ತುಕ್ಕು ಹಚ್ಚತೀನಿ, ಮಸಿ ಬಳೀತೀನಿ. ಸೊಟ್ಟ ಸಾಮಾನು ಮಾತ್ರ ನನ್ನ ಕೈಯಿಂದ ಆಗೂದಿಲ್ಲ. ಮಟ್ಟ ಅಂದ್ರ ಮಟ್ಟ.

*

ಒಪ್ಪಿಕೊಂಡ ಮೇಲೆ ಗೊತ್ತಾಯಿತು, ಜೀವಮಾನವೆಲ್ಲ ಹೊಳಪು ಮಾಡಿದವನಿಗೆ ಹೊಲಸು ಮಾಡಲು ಬರುವುದಿಲ್ಲವೆಂದು. ಕಪ್ಪು ಬಿಳಿ ಬಣ್ಣ ಹೊಡೆದದ್ದಾಯಿತು. ತುಕ್ಕಿನ ಬದಲು ಕೆಮ್ಮಣ್ಣು ಕಲಸಿ ಬ್ರಷ್ಷಿನಿಂದ ಇಳಿಸಿದ. ಒಣಗಿದ ಮೇಲೆ ಅದು ಹಬ್ಬಕ್ಕೆ ಸಾರಿಸಿದ ಕಟ್ಟೆಯಂತೆ ಕಂಡಿತು. ಸಾಲದ್ದಕ್ಕೆ ತಾನು ಹಚ್ಚಿದ ಕಲೆಯನ್ನು ತನ್ನ ಬಲಗೈಯೇ, ತನಗೆ ಗೊತ್ತಿಲ್ಲದಂತೆ, ಎಣ್ಣೆಬಟ್ಟೆ ತೆಗೆದುಕೊಂಡು ಒರೆಸಿಬಿಡುತ್ತಿತ್ತು. ಕೊನೆಗೆ ಎಣ್ಣೆಬಟ್ಟೆಯನ್ನು ಅಯ್ಯಮ್ಮ ಒಲೆಗೆ ಹಾಕಿದಳು.

ಅಯ್ಯಮ್ಮ: ಹಳೇದು ಮಾಡಾಕ ಯಾಕಿಷ್ಟು ಒದ್ದಾಡ್ತಿ? ಮದಿವ್ಯಾಗ ನನಗ ಮಾಡಿಕೊಟ್ಟ ಮಂಚ ನೋಡು. ಯಾರೂ ಹೇಳದನ ಎಷ್ಟು ಚಂದ ಹಳೇದಾಗೈತಿ.

ನಿಜವಾದ ತುಕ್ಕೇ ಬೇಕು ಎಂದು ಗಾಳೆಪ್ಪನಿಗೆ ಹೊಳೆಯಿತು. ಮಣ್ಣು ಎಷ್ಟೇ ಕೆಂಪಗಿದ್ದರೂ ಕಬ್ಬಿಣದ ವಾಸನೆ ಬಾರದು. ಡಬ್ಬಿ ಹಿಡಿದುಕೊಂಡು ಕಮ್ಮಾರ ತಾಯಪ್ಪನ ಕುಲುಮೆಗೆ ಹೋಗಿ ಒಂದು ಹಿಡಿ ತುಕ್ಕು ಕೊಡು ಎಂದ. ತಾಯಪ್ಪ ಇಕ್ಕಳ ಕೆಳಗಿಟ್ಟು, ನನ್ನ ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆಂದು ನಿನಗೆ ಹೇಳಿದವರು ಯಾರು ಎಂದು ಕೇಳಿದ. ಬಂಡಿಯ ನರಸಣ್ಣ ತನ್ನ ಗಾಲಿಯ ಪಟ್ಟಿ ದಿನವೂ ಓಡುತ್ತದೆ, ತುಕ್ಕು ಬೇಕಾದರೆ ಓಡದೆ ನಿಂತವರ ಮನೆಗೆ ಹೋಗು ಎಂದ. ಬಾವಿಯ ರಾಟೆಯ ಕೆಳಗೆ ಡಬ್ಬಿ ಹಿಡಿದಾಗ ನೀರಿಗೆ ಬಂದ ತಿಮ್ಮವ್ವ ಕೊಡ ಕೆಳಗಿಟ್ಟು, ಕುಡಿಯುವ ನೀರಿನ ಬಾವಿಯ ಹೆಸರು ಕೆಡಿಸುತ್ತೀಯಾ ಎಂದು ಗದರಿದಳು. ಮಸ್ಕಿಯಲ್ಲಿ ತುಕ್ಕು ಕಣ್ಣು ಹಾಯಿಸಿದಲ್ಲೆಲ್ಲ ಕಾಣುತ್ತಿತ್ತು. ತನ್ನದೆಂದು ಒಪ್ಪಿಕೊಳ್ಳುವವರು ಮಾತ್ರ ಒಬ್ಬರೂ ಇರಲಿಲ್ಲ.

ಬರಿ ಡಬ್ಬಿಯೊಂದಿಗೆ ಮನೆಗೆ ಬಂದವನಿಗೆ ಅಯ್ಯಮ್ಮ ಗದ್ದ ಎತ್ತಿ ಮಾಳಿಗೆಯ ಜಂತಿ ತೋರಿಸಿದಳು. ಅಲ್ಲಿ ಬಟ್ಟೆ ಸುತ್ತಿದ ಬಾಚಿಯೊಂದು ಸಿಗಿಸಿತ್ತು.

ಗಾಳೆಪ್ಪ: ಅದು ನಮ್ಮಪ್ಪನ ಬಾಚಿ. ಅದಕ್ಕ ತುಕ್ಕು ಹಿಡಿಯೂದಿಲ್ಲ.

ಅಯ್ಯಮ್ಮ: ತಾಯಪ್ಪನೂ ಇದ ಮಾತು ಹೇಳಿದ್ನಂತಲ್ಲ.

ಇಳಿಸಿ ಬಿಚ್ಚಿದ. ವರ್ಷಕ್ಕೊಮ್ಮೆ ಆಯುಧಪೂಜೆಗೆ ವಿಭೂತಿ ಹಚ್ಚಿ ಕೈಮುಗಿದದ್ದಷ್ಟೇ. ಎಣ್ಣೆ ಸವರಿದ್ದು ನೆನಪಿರಲಿಲ್ಲ. ಅಲಗಿನ ತುಂಬ ಬೂರಲ ಮರದ ತೊಗಟೆಯಂತೆ ತುಕ್ಕು ಎದ್ದಿತ್ತು. ಗಾಳೆಪ್ಪ ಹೆಬ್ಬೆರಳಿನಿಂದ ಅದನ್ನು ಒತ್ತಿ, ಬೆರಳು ಮೂಸಿ ನೋಡಿದ. ಆಮೇಲೆ ಕಾಗದ ಹಾಸಿ ಮೆಲ್ಲಗೆ ಕೆರೆಯತೊಡಗಿದ. ಕರಕರ, ಕರಕರ. ಈ ಸಲ ಆ ಸದ್ದು ಅವನನ್ನು ಗೀರಲಿಲ್ಲ. ಕೆರೆದಂತೆಲ್ಲ ಅಲಗು ಬೆಳ್ಳಗೆ ಮೇಲೆದ್ದು ಬಂತು, ಅದರ ಮುಪ್ಪು ಒಂದು ಹಿಡಿಯಾಗಿ ಕಾಗದದ ಮೇಲೆ ಕೂತಿತು.

ಅಲ್ಲಿಂದ ಮುಂದೆ ಗಾಳೆಪ್ಪನಿಗೆ ಹುಚ್ಚೇ ಹಿಡಿಯಿತು. ಜಾಲಿಯ ಅಂಟನ್ನು ನೀರಾಗಿಸಿ ತುಕ್ಕು ಕಲಸಿದ. ಅಂಟು ಹೆಚ್ಚಾದರೆ ತುಕ್ಕು ಕೈಗೆ ಹತ್ತುವುದಿಲ್ಲ, ಕಡಿಮೆಯಾದರೆ ಹಡಗಿನಲ್ಲಿ ಉಳಿಯುವುದಿಲ್ಲ. ಹಲಗೆಯ ತುಂಡಿಗೆ ಹಚ್ಚಿ, ಒಣಗಿಸಿ, ಅಂಗೈ ಒತ್ತಿ, ಮೂಸಿ, ಮತ್ತೆ ಕಲಸಿದ. ಎಂಟು ದಿನ ಅವನ ಎರಡೂ ಅಂಗೈ ಕೆಂಪಗಿದ್ದವು. ಚಹಾದಂಗಡಿಯ ಪಂಪಣ್ಣ ಯಾವಾಗ ಮದುವೆ ಎಂದು ಕೇಳಿದ. ಹೆಣ್ಣು ಕೊಡುವವರು ಯಾರಾದರೂ ಇದ್ದರೆ ತನಗೂ ಒಂದು ಮಾತು ತಿಳಿಸಬೇಕೆಂದು ಅಯ್ಯಮ್ಮ ಹೇಳಿ ಕಳಿಸಿದಳು.

ನಡುವೆ ಒಂದು ಮಧ್ಯಾಹ್ನ ಗುಲ್ಷನ್‌ಬೀ ಬಂದು ಇಣುಕಿದಳು. ಗಾಳೆಪ್ಪ ಹೆಮ್ಮೆಯಿಂದ ಹಡಗಿನ ಪಕ್ಕೆ ತೋರಿಸಿದ. ಅಲ್ಲಿ ಕಡಲೆಕಾಳಿನಷ್ಟು ದಪ್ಪದ ತುಕ್ಕಿನ ಗುಳ್ಳೆಗಳು ಎದ್ದಿದ್ದವು.

ಗುಲ್ಷನ್‌ಬೀ: ಐದು ಹೆಜ್ಜಿಗೆ ಒಂದು ಬೆರಳು ಹೌದಿಲ್ಲ ತಮ್ಮಾ?

ಗಾಳೆಪ್ಪ: ಹೌದು. ಕೂದಲೆಳಿಯಷ್ಟು ತಪ್ಪಿಲ್ಲ.

ಗುಲ್ಷನ್‌ಬೀ: ಹಂಗಾರ ಈ ಗುಳ್ಳಿ ಎಷ್ಟು ದೊಡ್ಡದಾತು? ಒಂದೊಂದು ಎಮ್ಮಿಯಷ್ಟಾತು. ಎಮ್ಮಿ ಹಿಂಡು ಹೊತಗೊಂಡು ಹೋಗಿದ್ದಿಲ್ಲೋ ನಮ್ಮ ಜಹಾಜ.

ಗಾಳೆಪ್ಪ ಗುಳ್ಳೆಯ ಮೇಲೆ ಬೆರಳಿಟ್ಟು ಅಳೆದು ನೋಡಿದ. ಉದ್ದ ಅಗಲಕ್ಕೆ ಅಳತೆ ಇಟ್ಟವನು ತುಕ್ಕಿಗೆ ಅಳತೆ ಇಡುವುದನ್ನು ಮರೆತಿದ್ದ. ಹದಿನೆಂಟು ವರ್ಷದಲ್ಲಿ ಇಂಥ ತಪ್ಪು ಮಾಡಿರಲಿಲ್ಲ. ಅವಳು ಹೋಗುತ್ತಲೇ ಎಮ್ಮೆಗಳನ್ನೆಲ್ಲ ಕೆರೆದು ಹಾಕಿದ. ಒರಳಿನಲ್ಲಿ ತುಕ್ಕು ಕುಟ್ಟಲು ಅಯ್ಯಮ್ಮ ಬಿಡಲಿಲ್ಲ, ಕಲ್ಲಿನ ಮೇಲೆ ಅರೆದ, ಬಟ್ಟೆಯಲ್ಲಿ ಸೋಸಿದ. ಅಯ್ಯಮ್ಮನ ರೊಟ್ಟಿ ಹಂಚಿನ ಮಸಿಯನ್ನು ಕಾಡಿ ಬೇಡಿ ಪಡೆದು, ನವಿಲುಗರಿಯ ತುದಿಯಿಂದ ಕೊಳವೆಯ ಬಾಯಿಗೆ ಸವರಿದ. ಉಪ್ಪು ಕರಗಿಸಿ ಸುಣ್ಣದ ತಿಳಿ ಬೆರೆಸಿ ನೀರಿನ ಗೆರೆ ಎಳೆದ. ಒಣಗಿದ ಮೇಲೆ ನಾಲಿಗೆ ತಾಗಿಸಿ ನೋಡಿ ತಲೆಯಾಡಿಸಿದ.

*

ಗುಲ್ಷನ್‌ಬೀ ಹದಿನೈದನೆಯ ದಿನ ಬೆಳಿಗ್ಗೆ ಬಂದಾಗ ಹಡಗು ಅಂಗಡಿಯ ಮುಂದಿನ ಕಟ್ಟೆಯ ಮೇಲೆ ಬಿಸಿಲಿಗೆ ಕೂತಿತ್ತು. ಎಷ್ಟು ಸಮುದ್ರ ದಾಟಿತ್ತೋ, ಎಷ್ಟು ಬಂದರಿನ ಗೋಡೆಗೆ ಮೈ ಉಜ್ಜಿತ್ತೋ, ಈಗ ಮಸ್ಕಿಗೆ ಬಂದು ಸ್ವಲ್ಪ ಕೂರುತ್ತೇನೆ ಎನ್ನುವ ಹಾಗೆ. ಲಂಗರಿನ ತೂತಿನ ಕೆಳಗೆ ಎಲೆ ಅಡಿಕೆಯ ರಸ ಇಳಿದಿತ್ತು.

ಗುಲ್ಷನ್‌ಬೀ: ಆತಲ್ಲ. ಕೊಡು, ಒಯ್ತೀನಿ.

ಗಾಳೆಪ್ಪ: ಎಲ್ಲಿ ಆಗೈತಿ? ಬಲಗಡಿ ಮೂರನೇ ದೋಣಿ ಇನ್ನಾ ಹೊಸದೈತಿ ನೋಡು, ಮದುಮಗ ನಿಂತಂಗ. ಹದಿನೈದು ದಿನ ಬಿಡು.

ಗುಲ್ಷನ್‌ಬೀ: ಬ್ಯಾಡೋ ತಮ್ಮಾ, ಇಷ್ಟು ಸಾಕು.

ಗಾಳೆಪ್ಪ: ಸಾಕಂದ್ರ? ಏಣಿ ಮೆಟ್ಲ ಸವೀಬೇಕು. ಅಷ್ಟು ಮಂದಿ ಹತ್ತಿ ಇಳದಾರ, ಮೆಟ್ಲ ಹಂಗ ಇರ್ತಾವೇನು? ಸೂಜಿಯಿಂದ ಸವಸಾಕತ್ತೀನಿ. ಇಪ್ಪತ್ತೆರಡು ಮೆಟ್ಲ, ಆರು ಮುಗದಾವ. ಹಗ್ಗ ಇನ್ನಾ ಬಿಳೇವದಾವ.

ಅಯ್ಯಮ್ಮ: ಮೊದಲು ಒಂದು ಕಲಿ ಹಚ್ಚು ಅಂದ್ರ ಅಳಾಕತ್ತಿದ್ದ. ಈಗ ಒಂದು ಜಾಗ ಬಿಡು ಅಂದ್ರ ಅಳಾಕತ್ಯಾನ. ಒಯ್ದುಬಿಡು ಯಕ್ಕಾ, ಇಲ್ಲಾಂದ್ರ ನಾಳೆ ನನಗೂ ತುಕ್ಕು ಹಚ್ಚತಾನ.

ಗಾಳೆಪ್ಪ: ಅವಸರ ಮಾಡಿದ್ರ ಹಳೇದು ಆಗೂದಿಲ್ಲ ಯಕ್ಕಾ. ಹೊಸದು ಬೇಕಾದ್ರ ನಾಳೆ ಮಾಡಿಕೊಡ್ತೀನಿ. ಹಳೇದಕ್ಕ ಟೈಮ್ ಬೇಕು.

ಗುಲ್ಷನ್‌ಬೀ ಹಡಗಿನ ಮುಂದೆ ಕೂತು, ಬಲಗೈಯನ್ನು ಸೆರಗಿಗೆ ಒರೆಸಿಕೊಂಡು, ಕಣ್ಣು ಮುಚ್ಚಿದಳು. ಮುಚ್ಚಿದ ಕಣ್ಣಿನಲ್ಲೇ ಕೈ ಮುಂದೆ ಮಾಡಿ ಗಾಳಿಯಲ್ಲಿ ತಡಕಿ, ಮೂತಿಯ ಹತ್ತಿರ, ತುಕ್ಕಿನ ಮೇಲೆ, ಅಂಗೈ ಇಟ್ಟಳು. ಎತ್ತಿನ ಮೈ ಮುಟ್ಟುವವರ ಹಾಗೆ.

ಗಾಳೆಪ್ಪ ಉಸಿರಾಡಲಿಲ್ಲ. ಹದಿನೆಂಟು ವರ್ಷ ಅವನು ಬಿಳಿ ಬಟ್ಟೆಯ ಮುಂದೆ ಹೀಗೆಯೇ ನಿಂತಿದ್ದ, ಬಣ್ಣ ಹತ್ತದಿರಲಿ ಎಂದು. ಇವತ್ತು ಮೊದಲ ಸಲ ಹತ್ತಲಿ ಎಂದು ನಿಂತಿದ್ದ.

ಅವಳು ಕೈ ತೆಗೆದು ಮೂಗಿಗೆ ಹಿಡಿದಳು. ಒಂದು ಸಲ. ಇನ್ನೊಂದು ಸಲ. ಕಣ್ಣು ತೆರೆಯದೆಯೇ ಅಂದಳು:

ಗುಲ್ಷನ್‌ಬೀ: ಏಣಿ ಹತ್ತು ಅನ್ನಾಕತ್ತೈತಿ.

ಅಂಗೈ ನೋಡಿಕೊಂಡಳು. ಕೆಂಪಾಗಿತ್ತು. ಅದನ್ನು ಯಾವುದಕ್ಕೂ ತಾಗದಂತೆ ಮೇಲೆತ್ತಿ ಹಿಡಿದು, ಎಡಗೈಯಲ್ಲೇ ಹೆಗಲ ಮೇಲಿನ ಬಟ್ಟೆ ಸುತ್ತಿ ಸಿಂಬೆ ಮಾಡಿ ತಲೆಗಿಟ್ಟುಕೊಂಡಳು. ಎತ್ತಿಸು ಎಂದು ಅಯ್ಯಮ್ಮನಿಗೆ ಕಣ್ಣಲ್ಲೇ ಹೇಳಿದಳು. ಅಯ್ಯಮ್ಮ ಹಡಗನ್ನು ಎತ್ತಿ, ಅದರ ನಡುವನ್ನು ಸಿಂಬೆಯ ಮೇಲೆ ಕೂಡಿಸಿದಳು.

ಗಾಳೆಪ್ಪ: ನಿಂದ್ರಕ್ಕಾ. ಹೆಸರು ಹಾಕಿಲ್ಲ.

ಅಯ್ಯಮ್ಮ: ಸಿಂಧನೂರಿನವ್ರು ಮಾಡ್ಯಾರಂತಲ್ಲ.

ಗಾಳೆಪ್ಪ: ಸಿಂಧನೂರಿನವ್ರಿಗೆ ಏನು ಬರ್ತೈತಿ ತುಕ್ಕು ಹಿಡಿಸಾಕ? ಯಕ್ಕಾ, ಹಿಂದಿನ ಕಡಿಗೆ ಹಾಕ್ತೀನಿ, ಕಾಣದಂಗ. ಐದು ಹೆಜ್ಜಿಗೆ ಒಂದು ಬೆರಳಿನ ಲೆಕ್ಕದಾಗ ಹಾಕ್ತೀನಿ, ಇರಿವಿ ಕಾಲಿನಷ್ಟು ಆಕ್ಕೈತಿ. ಎರಡು ನಿಮಿಷ. ಆ ಮೂರನೇ ದೋಣೀನೂ ಅಷ್ಟರಾಗ...

ಅವನು ಉಳಿ ಹುಡುಕುತ್ತಿದ್ದ. ಉಳಿ ಸಿಗುವ ಹೊತ್ತಿಗೆ ಕಟ್ಟೆಯ ಮುಂದೆ ಯಾರೂ ಇರಲಿಲ್ಲ. ಗುಲ್ಷನ್‌ಬೀ ಅವನ ಮಾತನ್ನು ಅರ್ಧಕ್ಕೇ ಬಿಟ್ಟು ರಸ್ತೆಗೆ ಇಳಿದಿದ್ದಳು. ಅಂಗಡಿಯ ಎದುರಿಗೆ ಉದ್ದಕ್ಕೆ ಹೋದ ಕಲ್ಲಿನ ಗೋಡೆ ಅವಳನ್ನು ಮುಚ್ಚಿತ್ತು. ಗೋಡೆಯ ಮೇಲೆ ಹಡಗು ಮಾತ್ರ ಕಾಣುತ್ತಿತ್ತು. ಮಸ್ಕಿಯ ಬಿಸಿಲಿನಲ್ಲಿ, ಒಣಗಿದ ಬೇಲಿಗಳ ಮೇಲೆ, ಮೂವತ್ತು ಬೆರಳಿನ ಹಡಗೊಂದು ಯಾರ ಗೊಡವೆಯೂ ಇಲ್ಲದೆ ತನ್ನ ಪಾಡಿಗೆ ತಾನು ತೇಲಿಕೊಂಡು ಹೋಗುತ್ತಿತ್ತು. ಗುಲ್ಷನ್‌ಬೀಯ ಎಡ ಮೊಣಕಾಲು ನೋಯುತ್ತಿತ್ತು. ಪ್ರತಿ ಹೆಜ್ಜೆಗೂ ಹಡಗು ಮೆಲ್ಲಗೆ ಎಡಕ್ಕೆ ವಾಲುತ್ತಿತ್ತು.

ಅಯ್ಯಮ್ಮ: ಮಟ್ಟ ಹಿಡಿದು ಮಾಡೀನಿ ಅಂತಿದ್ದಿ. ಹೆಂಗ ಸೊಟ್ಟ ಹೊಂಟೈತಿ ನೋಡು.

ಗಾಳೆಪ್ಪ ಉಳಿ ಕೆಳಗಿಟ್ಟು ಕಟ್ಟೆಯ ಮೇಲೆ ಹತ್ತಿ ನಿಂತ. ಎರಡು ಕೆಂಪು ಕೈಗಳನ್ನು ಬಾಯಿಯ ಸುತ್ತ ಹಿಡಿದು, ಗೋಡೆಯಾಚೆಗೆ ಕೇಳುವಂತೆ ಕೂಗಿದ:

"ಯಕ್ಕಾ, ಸೀದಾ ನಡೀಬ್ಯಾಡ. ಮನಿ ತನಕ ಹಂಗ ಹೋಗು."

ಹಡಗು ನಿಲ್ಲಲಿಲ್ಲ.